ನಮ್ಮ ಹುಲ್ಲಿನ ಕಾಲ್ಗುಣ

ಹುಲ್ಲು ಬೆಳೆಸುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೆಲವರು ಕೇಳುತ್ತಾರೆ. ಹುಲ್ಲು ಬೆಳೆಸಿ, ಅದರ ಮೇಲೆ ಇಪ್ಪತ್ತೆರಡು ಜನರನ್ನು ಬಿಟ್ಟು ನೋಡಿ. ವಾರಕ್ಕೊಂದು ಪ್ರಸಂಗಕ್ಕೆ ಮೋಸವಿಲ್ಲ.

ನಾನು ಓದಿದ್ದು ಬಿ.ಎಸ್ಸಿ., ಸಸ್ಯಶಾಸ್ತ್ರ. ಊರು ಕಲಬುರಗಿ. ಅಪ್ಪ ಹೈದರಾಬಾದಿನ ಕೇಂದ್ರ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವುದರಿಂದ ಬೆಳೆದದ್ದು ಇಲ್ಲೇ. ಡಿಗ್ರಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ ನಗರದ ಒಂದು ಫುಟ್‌ಬಾಲ್ ಮೈದಾನದಲ್ಲಿ. ದೇಶದ ಅತಿ ದೊಡ್ಡ ಲೀಗ್‌ನಲ್ಲಿ ಆಡುವ ತಂಡವೊಂದಕ್ಕೆ ಅದು ತವರು ಮೈದಾನ. ಮಣ್ಣಿನ ತೇವ, ಹುಲ್ಲಿನ ಎತ್ತರ, ಹುಳ, ರೋಗ ಇವನ್ನು ದಿನವೂ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಒಂದೇ ಒಂದು ಸೀಸನ್ ಮಾಡಿದೆ. ಈಗ ಬೀಜ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಇಲ್ಲಿ ಎಸಿ ಇದೆ, ಕುರ್ಚಿ ಇದೆ, ಯಾರೂ ಬೈಯುವುದಿಲ್ಲ. ಅದೇ ಬೇಸರ.

ಅಲ್ಲಿ ಬೈಯುತ್ತಿದ್ದವರು ಹೆಡ್ ಮಾಲಿ. ಲಿಂಗಸುಗೂರಿನ ಕಡೆಯವರು. ಎಲ್ಲರ ಬಾಯಲ್ಲೂ ಅವರು ಕಾಕಾ. ವಯಸ್ಸಿನಲ್ಲಿದ್ದಾಗ ಕಟ್ಟಡದ ಕೂಲಿಗೆಂದು ಬಂದು, ಇದೇ ಸ್ಟೇಡಿಯಂಗೆ ಇಟ್ಟಿಗೆ ಹೊತ್ತವರು. ಗೋಡೆ ಎದ್ದಿತು, ಜೊತೆಯವರು ಬೇರೆ ಕೆಲಸ ಹುಡುಕಿಕೊಂಡು ಹೋದರು, ಕಾಕಾ ಗೋಡೆಯ ಒಳಗೇ ಉಳಿದುಬಿಟ್ಟರು.

ನಾನು ಸೇರಿದ ವರ್ಷ ಬೇಸಿಗೆಯಲ್ಲಿ ಹಳೆಯ ಹುಲ್ಲನ್ನೆಲ್ಲ ತೆಗೆಸಿದ್ದರು. ಮಳೆ ಹಿಡಿಯುವ ಹೊತ್ತಿಗೆ ಕಾಕಾ ಹೊಸದನ್ನು ಬೇರು ಬೇರಾಗಿ ನೆಟ್ಟು ಎಬ್ಬಿಸಿದರು. ಸೆಪ್ಟೆಂಬರಿನಲ್ಲಿ ಅದರ ಮೇಲೆ ಬರಿಗಾಲಲ್ಲಿ ನಿಂತದ್ದು ನನಗೆ ಇನ್ನೂ ನೆನಪಿದೆ. ನಿಂತದ್ದಕ್ಕೆ ಕಾಕಾ ಬೈದದ್ದೂ ನೆನಪಿದೆ.

೧. ಕಾಲ್ಗುಣ

ಹೊಸ ಹುಲ್ಲಿನ ಮೇಲೆ ಮೊದಲ ಪಂದ್ಯ ಸೋತೆವು. ಎರಡನೆಯದನ್ನೂ ಸೋತೆವು. ನಮ್ಮವರು ರೈಲು ಹತ್ತಿ ಬೇರೆ ಊರಿಗೆ ಹೋದರು, ಅಲ್ಲಿ ಗೆದ್ದರು. ತಿರುಗಿ ಬಂದು ಇಲ್ಲಿ ಮತ್ತೆ ಸೋತರು.

ಮರುದಿನ ಬೆಳಿಗ್ಗೆ ತಂಡದ ಮ್ಯಾನೇಜರ್ ಮೈದಾನಕ್ಕೆ ಬಂದರು. ಅವರು ಗದ್ವಾಲದವರು, ತೆಲುಗು ಮನೆಮಾತು. ರಾಯಚೂರಿನಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಬೂಟಿನ ತುದಿಯಿಂದ ಹುಲ್ಲನ್ನು ಮೆಲ್ಲಗೆ ಒತ್ತಿ ನೋಡಿದರು.

"ಕಾಕಾ, ಮನಸ್ಸಿಗೆ ಹಚ್ಕೋಬೇಡ್ರಿ. ಆಟಗಾರರು ಅವರೇ. ಕೋಚ್ ಅವರೇ. ಹೊರಗೆ ಗೆಲ್ತೀವಿ, ಮನೇಲಿ ಸೋಲ್ತೀವಿ. ಹೋದ ವರ್ಷಕ್ಕೂ ಈ ವರ್ಷಕ್ಕೂ ಬದಲಾಗಿದ್ದು ಒಂದೇ. ಆಫೀಸಲ್ಲಿ ಎಲ್ಲರೂ ಅಂತಾರೆ, ಈ ಹುಲ್ಲಿನ ಕಾಲ್ಗುಣ ಸರಿ ಇಲ್ಲ ಅಂತ."

ಕಾಕಾ ಕೊಳವೆಯ ನೀರು ನಿಲ್ಲಿಸಿದರು.

"ಸಾಬ್, ಹುಲ್ಲು ನಿಂತಲ್ಲೇ ನಿಂತೈತಿ. ಕಾಲು ಇದ್ದವ್ರು ಹನ್ನೊಂದು ಮಂದಿ ಅದಾರ. ಮೊದಲ ಅವ್ರನ್ನ ವಿಚಾರಿಸ್ರಿ."

ಮ್ಯಾನೇಜರ್ ಹೋದ ಮೇಲೆ ಕಾಕಾ ಆ ಬೂಟು ಒತ್ತಿದ ಹುಲ್ಲನ್ನು ಬೆರಳಿನಿಂದ ಎಬ್ಬಿಸಿದರು. ನನ್ನತ್ತ ತಿರುಗಿ ಹೇಳಿದರು: "ಕಪ್ ಗಿಪ್ ಏನೂ ಬ್ಯಾಡ ಬೇಟಾ. ಇಲ್ಲೇ, ಇದರ ಮ್ಯಾಲ, ಒಂದ ಒಂದು ಗೆಲ್ಲಲಿ. ಇದಕ್ಕ ಬಂದ ಮಾತು ಹೋಗಲಿ."

ಮಣ್ಣಿನ ವರದಿಗೆ ಸಹಿ ಹಾಕಿದವಳು ನಾನು. ಹಾಗಾಗಿ ಆ ಮಾತಿನಲ್ಲಿ ನನಗೂ ಪಾಲಿತ್ತು. ಅಂದಿನ ರಿಜಿಸ್ಟರಿನಲ್ಲಿ ತೇವ, ಎತ್ತರ, ಹುಳ ಎಲ್ಲ ಬರೆದೆ. ಕಾಲ್ಗುಣಕ್ಕೆ ಕಾಲಂ ಇರಲಿಲ್ಲ.

೨. ಯಾರ ಟೇಪು

ಮೈದಾನಕ್ಕೆ ಬಿಳಿ ಗೆರೆ ಹಾಕುವುದು ಕಾಕಾ ಅವರದೇ ಕೆಲಸ. ಬೇಗಂ ಬಜಾರಿನಿಂದ ತಂದ ನೂಲಿನ ಹಗ್ಗ, ನಾಲ್ಕು ಗೂಟ, ಎರಡು ಕಣ್ಣು. ಅಷ್ಟೇ. ನಾನು ಸ್ಟೀಲ್ ಟೇಪು ತೆಗೆದುಕೊಂಡು ಅವರ ಹಿಂದೆ ಅಳೆಯುತ್ತಾ ಹೋಗುತ್ತಿದ್ದೆ. ನೂರು ಮೀಟರಿಗೆ ಅರ್ಧ ಬೆರಳಿನಷ್ಟೂ ತಪ್ಪುತ್ತಿರಲಿಲ್ಲ. ಎಲ್ಲಾದರೂ ತಪ್ಪಲಿ ಎಂದು ನಾನು ಕಾಯುತ್ತಿದ್ದೆ ಎಂದರೂ ಸರಿ.

ನಾಲ್ಕನೆಯ ಪಂದ್ಯದ ದಿನ ಸಿಕ್ಕಿತು. ಉತ್ತರದ ಗೋಲಿನ ಮುಂದಿನ ಪೆನಾಲ್ಟಿ ಚುಕ್ಕೆ ಒಂಬತ್ತು ಸೆಂಟಿಮೀಟರ್ ಎಡಕ್ಕಿತ್ತು.

"ಇರಲಿ ಬಿಡು," ಎಂದರು ಕಾಕಾ.

"ನಿಯಮ ಕಾಕಾ," ಎಂದೆ.

ಅವರು ಹಳೆಯ ಚುಕ್ಕೆ ಅಳಿಸಿ ಹೊಸದನ್ನು ಇಟ್ಟರು. ಸಂಜೆ ಪಂದ್ಯ. ಅದೇ ತುದಿಯಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಅವನು ಒದ್ದ ಚೆಂಡು ಎಡಗಡೆಯ ಕಂಬದ ಒಳಮೈಗೆ ಬಡಿದು ಒಳಗೆ ಹೋಯಿತು. ಒಂದು ಸೊನ್ನೆಯಿಂದ ಸೋತೆವು.

ಕಾಕಾ ಕಂಬವನ್ನು ನೋಡಿದರು. ಚುಕ್ಕೆಯನ್ನು ನೋಡಿದರು. ಆಮೇಲೆ ನನ್ನನ್ನು.

"ಒಂಬತ್ತು ಅಂದಿ ಅಲ್ಲಾ?"

"ಹೌದು ಕಾಕಾ."

"ಅಲ್ಲೇ ಇದ್ದಿದ್ರ ಚೆಂಡು ಕಂಬದ ಹೊರಗ ಬಡಿದು ಹೋಗ್ತಿತ್ತು."

ಮನೆಗೆ ಬಂದು ಕಾಗದದ ಮೇಲೆ ಚಿತ್ರ ಬರೆದು, ಕೋನ ಹಿಡಿದು ಲೆಕ್ಕ ಹಾಕಿದೆ. ಅವರು ಹೇಳಿದ್ದು ಸರಿಯಾಗಿತ್ತು. ಮರುದಿನ ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡೆ. ಕಾಕಾ ನನ್ನ ಕೈಯಿಂದ ಟೇಪು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಯಾವ ತಂಡದ್ದು ಬೇಟಾ?"

೩. ಎರಡು ಮಿಲಿಮೀಟರ್

ಕೋಚ್ ಯುರೋಪಿನವರು. ಇಂಗ್ಲಿಷ್ ನಮ್ಮಷ್ಟೇ ಬರುತ್ತಿತ್ತು, ಅಂದರೆ ಕೆಲಸಕ್ಕೆ ಬೇಕಾದಷ್ಟು. ಪ್ರತಿ ಸೋಲಿನ ಮರುದಿನ ಬಂದು ಎರಡು ಬೆರಳು ಎತ್ತಿ ತೋರಿಸುತ್ತಿದ್ದರು. ಹುಲ್ಲನ್ನು ಇನ್ನೂ ಎರಡು ಮಿಲಿಮೀಟರ್ ಇಳಿಸಿ, ಚೆಂಡು ಓಡುತ್ತಿಲ್ಲ ಎಂದು ಅರ್ಥ.

ಎರಡು ಸಲ ಇಳಿಸಿದೆವು. ಮೂರನೆಯ ಸಲ ಕಾಕಾ ಒಪ್ಪಲಿಲ್ಲ.

"ಒಂದು ಸೋಲಿಗೆ ಎರಡು ಅಂದ್ರ, ಸಂಕ್ರಾಂತಿ ಅನ್ನೂದ್ರಾಗ ಮಣ್ಣು ಕಾಣ್ತೈತಿ. ಅವ್ರಿಗೆ ಹೇಳು."

ನಾನು ಹೇಳಿದೆ. ಕೋಚ್ ಮತ್ತೆ ಎರಡು ಬೆರಳು ಎತ್ತಿದರು.

ಮರುದಿನ ಕಾಕಾ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಇಳಿಸಲಿಲ್ಲ. ಹಿಂದಿನ ವಾರ ಎಡದಿಂದ ಬಲಕ್ಕೆ ಹೊಡೆದ ಪಟ್ಟಿಯನ್ನು ಈಗ ಬಲದಿಂದ ಎಡಕ್ಕೆ ಹೊಡೆದರು. ಹುಲ್ಲು ಆ ಕಡೆ ಬಾಗಿತು. ಕೋಚ್ ನಿಲ್ಲುವ ಜಾಗದಿಂದ ನೋಡಿದರೆ ಇಡೀ ಮೈದಾನ ತಿಳಿ ಹಸಿರಾಗಿ, ಈಗಷ್ಟೇ ಕ್ಷೌರ ಮಾಡಿಸಿಕೊಂಡು ಬಂದಂತೆ ಕಾಣುತ್ತಿತ್ತು. ಕೋಚ್ ಬಂದರು. ಅಂಗೈಯಿಂದ ಸವರಿದರು. ಎದ್ದು ನಿಂತು ಕಾಕಾರ ಬೆನ್ನು ತಟ್ಟಿದರು. ಹುಲ್ಲು ಹೀಗಿರಬೇಕು, ಇನ್ನು ನೋಡಿ ಎಂದರು.

ಆ ಪಂದ್ಯವನ್ನು ಮೂರು ಗೋಲುಗಳಿಂದ ಸೋತೆವು.

ಮರುದಿನ ಕೋಚ್ ನನ್ನ ರಿಜಿಸ್ಟರ್ ಕೇಳಿದರು. ನಾನು ಸುಳ್ಳು ಬರೆದಿರಲಿಲ್ಲ. ಎತ್ತರ ಮೊದಲಿನಷ್ಟೇ ಇತ್ತು. ಅವರು ಅಂಕಿಯನ್ನು ಎರಡು ಸಲ ಓದಿದರು, ನನ್ನ ಸ್ಕೇಲು ಇಸಿದುಕೊಂಡು ತಾವೇ ಅಳೆದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ನಿಟ್ಟುಸಿರು ಬಿಟ್ಟು, ಹಾಗಾದರೆ ತಪ್ಪು ಗೋಲ್‌ಕೀಪರನದು ಎಂದರು. ಮುಂದಿನ ಪಂದ್ಯಕ್ಕೆ ಅವನ ಜಾಗದಲ್ಲಿ ಬೇರೆಯವನು ಬಂದ.

ಕಾಕಾಗೆ ಪಾಪ ಅನ್ನಿಸಿತು. "ಅವನೂ ಮೊದಲ ಹೇಳಿದ್ರ, ಅವಂಗೂ ಒಂದು ಉಲ್ಟಾ ಪಟ್ಟಿ ಹೊಡೀತಿದ್ನಿ," ಎಂದರು.

೪. ಇಪ್ಪತ್ತೊಂದು ಎಸಳು

ನವೆಂಬರಿನ ಸಂಕಷ್ಟಿಯ ದಿನ ಬೆಳಿಗ್ಗೆ ಮ್ಯಾನೇಜರ್ ಹಣೆಗೆ ಕುಂಕುಮ ಇಟ್ಟುಕೊಂಡು, ಸ್ಟೀಲಿನ ತಟ್ಟೆ ಹಿಡಿದು ಬಂದರು. ಸಂಜೆ ಪಂದ್ಯವಿತ್ತು.

"ಮೇಡಂ, ಸೈನ್ಸ್ ಪ್ರಕಾರ ಹೇಳಿ. ಈ ಹುಲ್ಲು ಗರಿಕೆ ಹೌದೋ ಅಲ್ಲವೋ?"

"ಗರಿಕೆಯ ಕುಲವೇ ಸರ್. ಇದು ಮಿಶ್ರತಳಿ."

"ಅಷ್ಟು ಸಾಕು. ಕಾಕಾ, ಇಪ್ಪತ್ತೊಂದು ಎಸಳು ಕೊಡಿ."

ಹುಲ್ಲಿನ ಮೇಲೆ ಮಾತು ಬಂದಿದ್ದು ಇದೇ ಮನುಷ್ಯನಿಂದ. ಕಾಕಾ ಇಲ್ಲ ಅನ್ನಬಹುದಿತ್ತು. ಆದರೆ ಗೆಲುವು ಬೇಕಾಗಿತ್ತು, ಗಣಪ್ಪನ ಜೊತೆ ಜಗಳವೂ ಇರಲಿಲ್ಲ.

"ಮಿಶ್ರತಳಿ ದೇವ್ರಿಗೆ ನಡೀತೈತೋ ಇಲ್ಲೋ ನನಗ ಗೊತ್ತಿಲ್ರಿ," ಎಂದರು. "ಯಾವ ಕಡೀದು ಬೇಕು?"

ಮ್ಯಾನೇಜರ್ ಯೋಚಿಸಿದರು. ಟಾಸ್ ಗೆದ್ದರೆ ನಮ್ಮವರು ಯಾವಾಗಲೂ ಮೊದಲು ಉತ್ತರದ ಗೋಲಿನತ್ತ ಆಡುತ್ತಿದ್ದರು. "ಉತ್ತರದ ಗೋಲಿನ ಮುಂದಿನದು ಕೊಡಿ. ಅಲ್ಲಿ ಚೆಂಡು ಹೋಗಬೇಕು."

ಕಾಕಾ ಒಂದೊಂದೇ ಎಸಳನ್ನು ಕತ್ತರಿಯಿಂದ ಕತ್ತರಿಸಿ ಎಣಿಸಿ ತಟ್ಟೆಗಿಟ್ಟರು. ನಾನು ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೊಂದೇ.

ಪೂಜೆ ಫಲಿಸಿತು. ಟಾಸ್ ನಮ್ಮದಾಯಿತು. ಮೊದಲರ್ಧದಲ್ಲೇ ಉತ್ತರದ ಗೋಲಿಗೆ ಚೆಂಡು ಹೋಯಿತು. ನಾವು ಒಂದು, ಅವರು ಸೊನ್ನೆ. ಮ್ಯಾನೇಜರ್ ಕುಳಿತಲ್ಲಿಂದಲೇ ಕಾಕಾಗೆ ಕೈ ಮುಗಿದರು. ಕಾಕಾರ ಮುಖದಲ್ಲಿ ಆ ಸೀಸನ್‌ನಲ್ಲಿ ಮೊದಲ ಸಲ ನಗು ನೋಡಿದೆ.

ಎರಡನೆಯ ಅರ್ಧಕ್ಕೆ ತಂಡಗಳು ಕಡೆ ಬದಲಿಸಿದವು. ಉತ್ತರದ ಗೋಲು ಈಗ ನಾವು ಕಾಯಬೇಕಾದದ್ದು. ಅದಕ್ಕೆ ಇನ್ನೂ ಎರಡು ಚೆಂಡು ಹೋದವು.

ಮ್ಯಾನೇಜರ್ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಕಾಕಾ ಹತ್ತಿರ ಹೋಗಿ ಸಮಾಧಾನ ಹೇಳಿದರು: "ಗಣಪ್ಪಂದು ತಪ್ಪಿಲ್ರಿ ಸಾಬ್. ನೀವು ಗೋಲು ತೋರಿಸಿದ್ರಿ, ಅವ ಹಾಕಿಸಿದ. ಹಾಫ್ ಟೈಮಿನ ಸುದ್ದಿ ಅವಗ ಯಾರು ಹೇಳಿದ್ರಿ?"

೫. ಜೇಕು

ಕಳೆ ತೆಗೆಯಲು ನಾಲ್ಕು ಜನ ಹೆಂಗಸರಿದ್ದರು. ಯಾದಗಿರಿ ಕಡೆಯವರು. ಸಾಲಾಗಿ ಕುಕ್ಕುರುಗಾಲಲ್ಲಿ ಕೂತು, ಖುರ್ಪಿ ಹಿಡಿದು, ಈ ತುದಿಯಿಂದ ಆ ತುದಿಗೆ ಸರಿಯುತ್ತಿದ್ದರು. ಅವರಲ್ಲಿ ಹಿರಿಯಳನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ಅವರಲ್ಲಿ ಯಾರೂ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಪಂದ್ಯದ ದಿನ ಅವರಿಗೆ ರಜೆ.

ಡಿಸೆಂಬರಿನಲ್ಲಿ ನಾನು ನಾಲ್ಕು ಪಾಸು ಕೇಳಿ ತಂದೆ. ಅವರು ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಚುರುಮುರಿ ಕಟ್ಟಿಕೊಂಡು ಬಂದರು. ಮುಂದಿನ ಸಾಲಿನಲ್ಲೇ ಕೂರಿಸಿದೆ. ಮೊದಲ ಐದು ನಿಮಿಷ ಚಪ್ಪಾಳೆ ಹೊಡೆದರು. ಆಮೇಲೆ ದೊಡ್ಡಕ್ಕ ಚಪ್ಪಾಳೆ ನಿಲ್ಲಿಸಿ ಕತ್ತು ಮುಂದೆ ಚಾಚಿದಳು.

"ಯಾಕ ದೊಡ್ಡಕ್ಕ, ಆಟ ಸೇರಲಿಲ್ಲೇನು?"

"ಆಟ ಹಾಳಾಗ್ಲಿ. ಅಲ್ಲಿ ನೋಡು."

ನೋಡಿದೆ. ಎದುರಾಳಿಯ ಪೆನಾಲ್ಟಿ ಬಾಕ್ಸಿನ ಮೂಲೆಯಲ್ಲಿ, ಹುಲ್ಲಿಗಿಂತ ಒಂದಿಷ್ಟು ಮೇಲೆದ್ದ ತಿಳಿ ಬಣ್ಣದ ಎಳೆ. ಜೇಕು. ಒಂದು ವಾರ ಬಿಟ್ಟರೆ ಹತ್ತಾಗುವ ಕಳೆ. ಅಷ್ಟು ದೂರದಿಂದ ಅವಳಿಗೆ ಹೇಗೆ ಕಂಡಿತೋ.

"ನಿನ್ನಿ ಅದು ನನ್ನ ಸಾಲು," ಎಂದಳು. "ಎಲ್ಲಾರೂ ನೋಡಾಕತ್ತಾರ."

"ಯಾರೂ ಅದನ್ನ ನೋಡ್ತಿಲ್ಲ ದೊಡ್ಡಕ್ಕ."

"ನಾ ನೋಡಾಕತ್ತೀನಲ್ಲ!"

ಅರ್ಧ ಪಂದ್ಯ ಮುಗಿಯಿತು. ಆಟಗಾರರು ಒಳಗೆ ಹೋದರು. ನಾನು ನೀರು ತರಲು ಎದ್ದೆ. ತಿರುಗಿ ಬರುವಷ್ಟರಲ್ಲಿ ದೊಡ್ಡಕ್ಕ ಸೆರಗು ಸಿಕ್ಕಿಸಿಕೊಂಡು ಮೈದಾನದ ನಡುವೆ ನಡೆಯುತ್ತಿದ್ದಳು. ಸೆಕ್ಯೂರಿಟಿಯವನು ದಿನಾ ಅವಳನ್ನು ನೋಡುವವನು, ಕೆಲಸಕ್ಕೆ ಬಂದಿದ್ದಾಳೆ ಎಂದುಕೊಂಡು ಬಿಟ್ಟಿದ್ದ. ಅವಳು ಬಾಕ್ಸಿನೊಳಗೆ ಹೋದಳು, ಕೂತಳು, ಹೇರ್‌ಪಿನ್ನಿನಿಂದ ಮಣ್ಣು ಬಿಡಿಸಿ, ಗಡ್ಡೆ ಸಮೇತ ಜೇಕನ್ನು ಎತ್ತಿದಳು. ಸ್ಟೇಡಿಯಂನ ದೊಡ್ಡ ಪರದೆಯ ಮೇಲೆ ಅವಳ ಕೈ ಕಾಣಿಸಿತು. ಜನ ಎದ್ದು ನಿಂತು ಕೂಗಿದರು.

ಆ ಪಂದ್ಯವನ್ನೂ ಸೋತೆವು. ಎದುರಾಳಿಯ ಬಾಕ್ಸಿನೊಳಗೆ ನುಗ್ಗಿ, ಅಂದುಕೊಂಡ ಕೆಲಸ ಮುಗಿಸಿ ಬಂದವಳು ನಮ್ಮ ಕಡೆಯಿಂದ ಅಂದು ದೊಡ್ಡಕ್ಕ ಒಬ್ಬಳೇ.

೬. ಹನ್ನೆರಡನೆಯ ಆಟಗಾರ

ಜನವರಿಯಲ್ಲಿ ಸುದ್ದಿ ಬಂತು. ಈ ಸೀಸನ್ ಮುಗಿದ ಮೇಲೆ ತಂಡ ಬೇರೆ ಊರಿಗೆ ಹೋಗುತ್ತದೆ. ಹೆಸರೂ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಆಫೀಸಿನವರು ಮುಂದಿನ ಬಾಡಿಗೆ ಮನೆಯ ಮಾತಾಡತೊಡಗಿದರು. ನನಗೂ ಮಾರ್ಚಿನವರೆಗೆ ಮಾತ್ರ ಕೆಲಸ ಎಂದು ಗೊತ್ತಾಯಿತು.

ಕಾಕಾ ಒಂದೇ ಪ್ರಶ್ನೆ ಕೇಳಿದರು. "ಇಲ್ಲಿ ಇನ್ನ ಎಷ್ಟು ಆಟ ಉಳದಾವು?"

"ಮೂರು ಕಾಕಾ."

"ಮೂರು ಅವಕಾಶ," ಎಂದು ನೀರಿನ ವಾಲ್ವ್ ತಿರುಗಿಸಲು ಹೋದರು.

ಆ ಮೂರರಲ್ಲಿ ಮೊದಲನೆಯದು ಏಳೂವರೆಗೆ ಶುರುವಾಗಬೇಕಿತ್ತು. ಟಿವಿಯವರ ಅನುಕೂಲಕ್ಕೆ ಐದಕ್ಕೆ ತಂದರು. ಎಲ್ಲರಿಗೂ ಹೇಳಿದರು. ನನಗೂ ಹೇಳಿದರು. ನಾನು ಸ್ಪ್ರಿಂಕ್ಲರಿನ ಟೈಮರಿಗೆ ಹೇಳಲು ಮರೆತೆ. ಇಡೀ ಸೀಸನ್‌ನಲ್ಲಿ ನಾನು ಮರೆತ ಒಂದೇ ಕೆಲಸ ಅದು.

ಐದೂವರೆ. ಎದುರಾಳಿಯ ಮುಂಚೂಣಿ ಆಟಗಾರ ನಮ್ಮವರನ್ನೆಲ್ಲ ದಾಟಿ ಬಂದಿದ್ದ. ಮುಂದೆ ಗೋಲ್‌ಕೀಪರ್ ಒಬ್ಬನೇ. ಕಾಲೆತ್ತಿದ. ಅವನ ಪಕ್ಕದಲ್ಲೇ ನೆಲದೊಳಗಿಂದ ಪೈಪಿನ ತಲೆ ಟಕ್ಕೆಂದು ಮೇಲೆ ಬಂದು ಮುಖಕ್ಕೆ ನೀರು ಹೊಡೆಯಿತು. ಚೆಂಡು ಗ್ಯಾಲರಿಗೆ ಹೋಯಿತು.

ಹನ್ನೆರಡು ಸ್ಪ್ರಿಂಕ್ಲರುಗಳು ತಿರುಗುತ್ತಿದ್ದವು. ಆಟಗಾರರು ಓಡಿದರು. ರೆಫರಿ ಪೂರ್ತಿ ನೆನೆದು ನಮ್ಮ ಕಡೆ ಬಂದರು. ಯಾರದು ಇದು ಎಂದು ಕೇಳಿದರು. ಕಾಕಾ ಆಕಾಶ ನೋಡುತ್ತಿದ್ದರು. ನಾನು ಕೈ ಎತ್ತಿದೆ. ಎರಡು ಪುಟದ ವಿವರಣೆ ಬರೆದುಕೊಟ್ಟೆ, ಟೈಮರಿನ ಚಿತ್ರದ ಸಮೇತ.

ಪಂದ್ಯ ಸೊನ್ನೆ ಸೊನ್ನೆ ಆಯಿತು. ನಮ್ಮ ಮೈದಾನದಲ್ಲಿ ಆ ಸೀಸನ್‌ನ ಮೊದಲ ಪಾಯಿಂಟು. ಮ್ಯಾನೇಜರ್ ನನಗೆ ಬಯ್ಯಲು ಬಂದು, ಬಯ್ಯದೆ ಹೋದರು. ಕೋಚ್ ಬಂದು, ಮುಂದಿನ ಪಂದ್ಯಕ್ಕೆ ಇದನ್ನು ಎರಡನೆಯ ಅರ್ಧದಲ್ಲೂ ಇಡಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು.

ಕಾಕಾಗೆ ಮಾತ್ರ ಸಮಾಧಾನವಿಲ್ಲ. "ಡ್ರಾ ಅಂದ್ರ ಗೆಲುವಲ್ಲ ಬೇಟಾ. ಆದ್ರ ಒಂದು ಮಾತು. ಇಷ್ಟು ದಿನದಾಗ ನಮ್ಮ ಕಡೀಗೆ ಸರಿಯಾಗಿ ಡಿಫೆನ್ಸ್ ಮಾಡಿದ್ದು ಅದೊಂದ ಪೈಪು."

೭. ಗೆಲುವು

ಎರಡನೆಯ ಅವಕಾಶವೂ ಹೋಯಿತು. ಉಳಿದದ್ದು ಕೊನೆಯ ಪಂದ್ಯ.

ಆ ವಾರ ಕಾಕಾ ಸರಿಯಾಗಿ ಊಟ ಮಾಡಲಿಲ್ಲ. ಮೈದಾನವನ್ನು ಮಾತ್ರ ಹಿಂದೆಂದೂ ಇಲ್ಲದಂತೆ ಸಿದ್ಧ ಮಾಡಿದರು. ನನಗೆ ಅಳೆಯಲು ಏನೂ ಉಳಿದಿರಲಿಲ್ಲ. ಸುಮ್ಮನೆ ನೋಡುತ್ತಾ ನಿಂತಿದ್ದೆ. ಅಂಥ ಹಸಿರನ್ನು ಆಮೇಲೆ ನಾನು ಎಲ್ಲೂ ಕಂಡಿಲ್ಲ.

ಎಂಬತ್ತೊಂಬತ್ತನೆಯ ನಿಮಿಷದವರೆಗೂ ಸೊನ್ನೆ ಸೊನ್ನೆ. ಕಾಕಾ ಜಾಹೀರಾತು ಹಲಗೆಯ ಹಿಂದೆ, ಮರಳಿನ ಬಕೆಟ್ ಮೇಲೆ ಕೈ ಇಟ್ಟು ಕೂತಿದ್ದರು. ಆಗ ನಮ್ಮ ಎಡಬದಿಯ ಆಟಗಾರ ಇಬ್ಬರನ್ನು ತಪ್ಪಿಸಿ ಒದ್ದ. ಗೋಲು.

ಆರು ತಿಂಗಳು ಕಾದ ಗೆಲುವಿನ ಗೋಲು. ನಾನು ಕುಣಿಯುತ್ತಿದ್ದೆ. ಆ ಆಟಗಾರ ಅಂಗಿ ಕಳಚಿ ಗಾಳಿಯಲ್ಲಿ ಬೀಸುತ್ತಾ ನಾವಿದ್ದ ಮೂಲೆಗೇ ಓಡಿ ಬಂದ. ಬಂದವನು ಎರಡೂ ಮೊಣಕಾಲ ಮೇಲೆ ಜಾರಿದ. ಬೇರು ಸಮೇತ ಹುಲ್ಲು ಎದ್ದು ಬಂತು. ನೇಗಿಲು ಹೊಡೆದಂತೆ ಎರಡು ಸಾಲು. ಹಿಂದೆಯೇ ಹತ್ತು ಜನ ಬಂದು ಅವನ ಮೇಲೆ ಬಿದ್ದರು.

"ಏಯ್! ಏಳ್ರೋ! ಹುಲ್ಲು!"

ಕಾಕಾ ಹಲಗೆ ಹಾರಿದ್ದರು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಮಣ್ಣು ಕೆದಕುವ ಮುಳ್ಳು. ಖುಷಿಗೆ ಓಡಿ ಬಂದಿದ್ದಾರೆ ಎಂದುಕೊಂಡ ಆಟಗಾರರು ಅವರನ್ನೂ ಗುಂಪಿನೊಳಗೆ ಎಳೆದುಕೊಂಡರು. ಗ್ಯಾಲರಿಯ ಜನ "ಕಾಕಾ! ಕಾಕಾ!" ಎಂದು ಕೂಗತೊಡಗಿದರು. ಕಾಕಾ ಒಳಗಿಂದ ಒಬ್ಬೊಬ್ಬರ ಕಾಲು ಹಿಡಿದು ಎಳೆಯುತ್ತಿದ್ದರು.

ರೆಫರಿ ಬಂದರು. ಕಾಕಾ ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಅವರ ಮುಖದ ಮುಂದೆ ಹಿಡಿದು, ಗೋಲು ಹೊಡೆದವನತ್ತ ಬೆರಳು ತೋರಿಸಿದರು. "ನೋಡ್ರಿ ಸಾಬ್! ಕಾರ್ಡ್ ಕೊಡ್ರಿ ಇವಂಗ!"

ರೆಫರಿ ಜೇಬಿಗೆ ಕೈ ಹಾಕಿ ಅವನಿಗೆ ಹಳದಿ ಕಾರ್ಡು ತೋರಿಸಿದರು. ಅದು ಅಂಗಿ ಕಳಚಿದ್ದಕ್ಕೆ. ಕಾಕಾಗೆ ಆ ನಿಯಮ ಗೊತ್ತಿರಲಿಲ್ಲ. ಸಮಾಧಾನದಿಂದ ಹಲಗೆಯ ಈಚೆ ಬಂದರು. "ನ್ಯಾಯ ಐತಿ ಬೇಟಾ. ಈ ರೆಫರಿ ಭಾಳ ಛಲೋ ಮನುಷ್ಯ."

ರೆಫರಿ ಕೊನೆಯ ಸೀಟಿ ಊದಿದರು. ಗೆದ್ದಿದ್ದೆವು. ಕಾಕಾ ಮತ್ತೆ ಹಲಗೆ ದಾಟಿ, ಮೂಲೆಯಲ್ಲಿ ಕೂತು ಸಾಲುಗಳಿಗೆ ಮರಳು ತುಂಬತೊಡಗಿದರು. ನಾನು ಹೆಂಟೆ ಜೋಡಿಸಿಕೊಡುತ್ತಿದ್ದೆ. ಮ್ಯಾನೇಜರ್ ಓಡೋಡಿ ಬಂದು ಅವರ ಮುಂದೆ ಮಂಡಿಯೂರಿದರು. ಕಣ್ಣಲ್ಲಿ ನೀರಿತ್ತು.

"ಕಾಕಾ, ಅವತ್ತು ಅಂದಿದ್ದು ತಪ್ಪಾಯ್ತು. ಈ ಹುಲ್ಲಿನ ಕಾಲ್ಗುಣ ಬಂಗಾರ!"

ಸೆಪ್ಟೆಂಬರಿನಿಂದ ಕಾಕಾ ಕಾದಿದ್ದ ಮಾತು. ನಾನು ಅವರ ಮುಖ ನೋಡಿದೆ. ಅವರು ಮರಳು ಒತ್ತುತ್ತಲೇ ಇದ್ದರು.

"ಸಾಬ್, ಸೋತಾಗ ಇವ್ರು ತಲಿ ತಗ್ಗಿಸಿ, ಹುಲ್ಲು ನೋಡ್ಕೋತ, ಹಗೂರ ಹೆಜ್ಜಿ ಇಟ್ಟು ಹೋಗ್ತಿದ್ರು. ಒಂದು ಗೆದ್ದಿದ್ದಕ್ಕ ನನ್ನ ಮೈದಾನದ ಈ ಮೂಲೀನ ಹೋತು ನೋಡ್ರಿ."

ಮ್ಯಾನೇಜರ್ ಅಳುತ್ತಲೇ ನಕ್ಕರು. "ಇನ್ನೇನು ಕಾಕಾ, ನಾವು ಹೋಗ್ತೀವಲ್ಲ. ಇನ್ಮೇಲೆ ನಿಮ್ಮ ಹುಲ್ಲಿಗೆ ನಮ್ಮ ಕಾಟ ಇಲ್ಲ."

ಕಾಕಾ ಕೈಯ ಮರಳು ಝಾಡಿಸಿಕೊಂಡರು. ಖಾಲಿಯಾಗುತ್ತಿದ್ದ ಗ್ಯಾಲರಿಯನ್ನು ಒಮ್ಮೆ ನೋಡಿದರು.

"ಹೋಗೂದು ಯಾಕ್ರಿ ಸಾಬ್? ಇರ್ರಿ. ಇಲ್ಲೇ ಇದ್ದು ಸೋಲ್ರಿ."